ಬಿಸಿಲು ಮುಟ್ಟದ ಜಾಗ

ಜಯನಗರದ ಆ ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಂಜೆ ಹೊತ್ತು ಕೂರಲು ಜಾಗ ಸಿಗುವುದು ಕಷ್ಟ. ಕಾಯುತ್ತ ಕೂತವರೆಲ್ಲ ಬಂದದ್ದು ಮುಖ ತೋರಿಸಲು. ಮೊಡವೆ, ಬಂಗು, ಕಣ್ಣ ಸುತ್ತಲಿನ ಕಪ್ಪು, ಉದುರುವ ಕೂದಲು. ಮದುವೆ ನಿಶ್ಚಯವಾದ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಿದ್ದಳು. "ಟ್ಯಾನ್ ಪೂರ್ತಿ ಹೋಗೋಕೆ ಎಷ್ಟು ಸಿಟ್ಟಿಂಗ್ ಬೇಕಾಗುತ್ತೆ?" ಎಂದು ಆ ತಾಯಿ ಕೌಂಟರಿನವರನ್ನು ವಿಚಾರಿಸುತ್ತಿದ್ದರು. ಗೋಡೆಯ ಮೇಲೆ ಸನ್‌ಸ್ಕ್ರೀನಿನ ಜಾಹೀರಾತು, ಅದರಲ್ಲಿ ಅಲ್ಲಿ ಕೂತ ಯಾರ ಬಣ್ಣಕ್ಕೂ ಹೊಂದದ ಒಂದು ಮುಖ. ಅಷ್ಟು ಜನರ ನಡುವೆ ಕಾಲು ತೋರಿಸಲು ಬಂದವರು ನಮ್ಮ ದೊಡ್ಡಮ್ಮ ಒಬ್ಬರೇ. "ಮೊಕ ನೋಡೋ ಡಾಕ್ಟ್ರತ್ರ ಕಾಲು ಯಾಕವ್ವ ತೋರ್ಸಾದು" ಎಂದು ಗೊಣಗುತ್ತ ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡು ಕೂತಿದ್ದರು.

ಅವತ್ತಿನಿಂದ ಒಂದು ವಿಚಾರ ನನ್ನನ್ನು ಬಿಟ್ಟಿಲ್ಲ. ಚರ್ಮದ ಕ್ಯಾನ್ಸರ್ ಎಂದ ಕೂಡಲೇ ನಮಗೆ ನೆನಪಾಗುವುದು ಬಿಸಿಲು, ಸನ್‌ಸ್ಕ್ರೀನು, ಸಮುದ್ರದ ದಡದಲ್ಲಿ ಮಲಗಿದ ಬಿಳಿಯರು. ನಮ್ಮ ಜನರಿಗೆ ಅದು ಬರುವ ಜಾಗವೂ ಬೇರೆ, ಬರುವ ದಾರಿಯೂ ಬಹಳಮಟ್ಟಿಗೆ ಬೇರೆ. ಬಿಸಿಲು ಬೀಳುವ ಮುಖವನ್ನು ದಿನಕ್ಕೆ ಎಷ್ಟು ಸಲ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇವೋ ಲೆಕ್ಕವಿಲ್ಲ. ಬಿಸಿಲೇ ಮುಟ್ಟದ ಅಂಗಾಲನ್ನು ನೋಡಿಕೊಂಡು ಎಷ್ಟು ವರ್ಷವಾಯಿತು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ.

ದೊಡ್ಡಮ್ಮನದು ಕನಕಪುರದ ಕಡೆಯ ಹಳ್ಳಿ. ರಾಗಿ ಹೊಲದಲ್ಲಿ ಬರಿಗಾಲಲ್ಲೇ ದುಡಿದ ಜೀವ. ದೊಡ್ಡಪ್ಪ ಹೋದ ಮೇಲೆ ಹನುಮಂತನಗರದ ಮಗನ ಮನೆಗೆ ಬಂದರು. ಹಿಮ್ಮಡಿಯ ಪಕ್ಕ, ನಡೆಯುವಾಗ ಭಾರ ಬೀಳುವ ಕಡೆಗೆ, ಒಂದು ಕಪ್ಪು ಕಲೆ ಇತ್ತಂತೆ. ಯಾವಾಗಿನಿಂದ ಎಂದರೆ ಅವರಿಗೂ ನೆನಪಿಲ್ಲ. ಊರಲ್ಲಿ ಯಾರೋ ಕಾಲಡಿಯ ಮಚ್ಚೆ ಇದ್ದವರಿಗೆ ಪ್ರಯಾಣಯೋಗ ಎಂದಿದ್ದರು, ಬೆಂಗಳೂರಿಗೆ ಬಂದು ಸೇರಿದ ಮೇಲೆ ಆ ಮಾತು ನಿಜವೇ ಆಯಿತು ಎಂದುಕೊಂಡಿದ್ದರು. ಆಮೇಲೆ ಅದು ಗಟ್ಟಿಯಾಗುತ್ತ ಬಂತು. ಆಣಿ ಎಂದುಕೊಂಡು ಬ್ಲೇಡಿನಲ್ಲಿ ಹೆರೆದರು. ಸುಣ್ಣ ಬೆಲ್ಲ ಕಲಸಿ ಕಟ್ಟಿದರು. ಅಣ್ಣ ಮೆಡಿಕಲ್ ಸ್ಟೋರಿನಿಂದ ಕಾರ್ನ್ ಕ್ಯಾಪ್ ತಂದುಕೊಟ್ಟ. ಬಡಾವಣೆಯ ಒಬ್ಬ ಡಾಕ್ಟರು ಫಂಗಸ್ ಇರಬೇಕು ಎಂದು ಮುಲಾಮು ಬರೆದರು. ಎಲ್ಲವೂ ಸ್ವಲ್ಪ ದಿನ ಕೆಲಸ ಮಾಡಿದಂತೆ ಕಾಣುತ್ತಿತ್ತು. ಮೇಲಿನ ಗಟ್ಟಿ ಚರ್ಮ ಹೋದಾಗ ನೋವು ಕಡಿಮೆಯಾಗುತ್ತಿತ್ತು, ಕಪ್ಪು ಮಾತ್ರ ಅಲ್ಲೇ ಇರುತ್ತಿತ್ತು, ಅಂಚು ಮೆಲ್ಲಗೆ ಹರಡುತ್ತಿತ್ತು.

ಇದು ಆಣಿಯಲ್ಲ ಎಂದು ಮೊದಲು ಹೇಳಿದವರು ಡಾಕ್ಟರಲ್ಲ, ಬ್ಯೂಟಿ ಪಾರ್ಲರಿನ ಹೆಂಗಸು. ಅಣ್ಣನ ಮಗಳ ಮದುವೆಗೆ ಮುಂಚೆ ಮೊಮ್ಮಗಳು ಹಟ ಹಿಡಿದು ಅಜ್ಜಿಯನ್ನೂ ಪೆಡಿಕ್ಯೂರಿಗೆ ಕರೆದುಕೊಂಡು ಹೋಗಿದ್ದಳು. ನಾನೂ ಜೊತೆಗಿದ್ದೆ. ಬಿಸಿನೀರಿನ ಟಬ್ಬಿನಿಂದ ಪಾದ ಎತ್ತಿ ತೊಡೆಯ ಮೇಲಿನ ಟವೆಲಿನಲ್ಲಿಟ್ಟುಕೊಂಡು ಆಕೆ ಹಿಮ್ಮಡಿ ಉಜ್ಜಲು ಕಲ್ಲು ತೆಗೆದುಕೊಂಡಳು, ಮತ್ತೆ ಕೆಳಗಿಟ್ಟಳು. ಪಾದವನ್ನು ಬೆಳಕಿನ ಕಡೆಗೆ ತಿರುಗಿಸಿ ಹೆಬ್ಬೆರಳಿನಿಂದ ಕಲೆಯ ಸುತ್ತ ಒತ್ತಿ ನೋಡಿದಳು. "ಅಮ್ಮ, ದಿನಾ ಎಷ್ಟೋ ಆಣಿ ನೋಡ್ತೀನಿ. ಆಣಿ ಹಿಂಗೆ ಒಂದು ಕಡೆ ಕಪ್ಪು, ಒಂದು ಕಡೆ ಬೂದಿ ಬಣ್ಣ ಇರಲ್ಲ. ಇದನ್ನ ನಾನು ಉಜ್ಜಲ್ಲ. ಡಾಕ್ಟ್ರಿಗೆ ತೋರಿಸ್ಬಿಡಿ" ಎಂದಳು. ಉಳಿದ ಪಾದವನ್ನೆಲ್ಲ ಚೊಕ್ಕವಾಗಿ ಮಾಡಿ, ಅಷ್ಟು ಜಾಗ ಬಿಟ್ಟು ಕಳಿಸಿದಳು. ದುಡ್ಡಿನಲ್ಲಿ ಕಡಿಮೆ ತೆಗೆದುಕೊಳ್ಳಲು ಹೋದಳು, ನಾನು ಬಿಡಲಿಲ್ಲ. ಮದುವೆ ಮುಗಿದ ವಾರವೇ ಜಯನಗರಕ್ಕೆ ಹೋದೆವು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಡರ್ಮೋಸ್ಕೋಪ್ ಎಂಬ ಪುಟ್ಟ ಉಪಕರಣವನ್ನು ಕಲೆಯ ಮೇಲಿಟ್ಟು ತುಂಬ ಹೊತ್ತು ನೋಡಿದರು. ಆಮೇಲೆ ಫೋನಿಗೆ ಜೋಡಿಸಿ ದೊಡ್ಡದಾಗಿ ತೆಗೆದ ಚಿತ್ರವನ್ನು ನಮಗೂ ತೋರಿಸಿದರು. ಬೆರಳ ತುದಿಯಲ್ಲಿರುವಂತೆ ಅಂಗಾಲಿನ ತುಂಬ ಸಣ್ಣ ಸಣ್ಣ ಗೆರೆಗಳಿರುತ್ತವೆ, ಉಬ್ಬು ಒಂದು, ತಗ್ಗು ಒಂದು. "ಹೊಲ ನೋಡಿದೀರಲ್ಲ ಅಜ್ಜಿ, ಸಾಲು ದಿಂಡು ಇದ್ದ ಹಾಗೆ" ಎಂದರು. ಸಾಧಾರಣ ಮಚ್ಚೆಯಾದರೆ ಕಪ್ಪು ಬಣ್ಣ ಸಾಮಾನ್ಯವಾಗಿ ಸಾಲಿನಲ್ಲಿ ಕೂತಿರುತ್ತದೆ. ಕೆಟ್ಟದ್ದಾದರೆ ದಿಂಡಿನ ಮೇಲೆ ಹರಡಿರುತ್ತದೆ. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಫೋನನ್ನು ಹತ್ತಿರಕ್ಕೆ ತೆಗೆದುಕೊಂಡರು. "ದಿಂಡಿನ್ ಮ್ಯಾಲೇ ಐತಲ್ಲಪ್ಪ" ಎಂದರು. ಡಾಕ್ಟರು ಹೌದು ಎನ್ನುವಂತೆ ತಲೆಯಾಡಿಸಿ, ಬಯಾಪ್ಸಿಗೆ, ಅಂದರೆ ಚರ್ಮದ ಚೂರು ತೆಗೆದು ಪರೀಕ್ಷಿಸುವುದಕ್ಕೆ, ಚೀಟಿ ಬರೆದರು.

ನಮ್ಮ ಚರ್ಮದ ಲೆಕ್ಕ

ಚರ್ಮದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಮೂರು ಬಗೆ. ಮೇಲ್ಚರ್ಮದ ತಳದ ಕೋಶಗಳಿಂದ ಹುಟ್ಟುವುದು ಬೇಸಲ್ ಸೆಲ್ ಕಾರ್ಸಿನೋಮ. ಲೋಕದಲ್ಲಿ ಅತಿ ಹೆಚ್ಚು ಜನಕ್ಕೆ ಬರುವುದು ಇದೇ, ಮೂಗು, ಕಣ್ಣಿನ ರೆಪ್ಪೆ, ಕೆನ್ನೆಯ ಮೇಲೆ. ಬೇರೆ ಅಂಗಕ್ಕೆ ಹರಡುವುದು ತೀರ ಅಪರೂಪ, ಆದರೆ ಬಿಟ್ಟರೆ ಇದ್ದಲ್ಲೇ ಕೊರೆಯುತ್ತ ಹೋಗುತ್ತದೆ. ನಮ್ಮ ಬಣ್ಣದವರಲ್ಲಿ ಇದು ಅನೇಕ ಸಲ ಹೊಳೆಯುವ ಕಪ್ಪು ಗಂಟಾಗಿ ಕಾಣುವುದರಿಂದ ಮಚ್ಚೆ ಎಂದೇ ಸುಮ್ಮನಿರುತ್ತಾರೆ. ಎರಡನೆಯದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅದರ ಮಾತು ಮುಂದೆ ಬರುತ್ತದೆ. ಮೂರನೆಯದು ಮೆಲನೋಮ, ಬಣ್ಣ ತಯಾರಿಸುವ ಕೋಶಗಳದ್ದು. ಸಂಖ್ಯೆಯಲ್ಲಿ ಕಡಿಮೆ, ಜೀವ ತೆಗೆಯುವುದರಲ್ಲಿ ಮುಂದು.

ಭಾರತದ ಒಟ್ಟು ಕ್ಯಾನ್ಸರುಗಳಲ್ಲಿ ಚರ್ಮದ್ದು ಸಣ್ಣ ಪಾಲು, ಶೇಕಡಾ 1ರ ಆಸುಪಾಸು. ಆಸ್ಟ್ರೇಲಿಯದಲ್ಲಿ 70 ವರ್ಷ ತುಂಬುವ ಹೊತ್ತಿಗೆ ಮೂವರಲ್ಲಿ ಇಬ್ಬರಿಗೆ ಯಾವುದೋ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬಂದಿರುತ್ತದೆ. ಈ ಅಂತರಕ್ಕೆ ಕಾರಣ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್. ಬಣ್ಣದ ಕೋಶಗಳ ಸಂಖ್ಯೆ ಬಿಳಿಯರಲ್ಲೂ ನಮ್ಮಲ್ಲೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ನಿನ ಕಣಗಳು ನಮ್ಮಲ್ಲಿ ದೊಡ್ಡವು, ಚರ್ಮದ ಪ್ರತಿ ಕೋಶದ ಒಳಗೂ ಹರಡಿ ಅದರ ಡಿಎನ್‌ಎ ಮೇಲೆ ಕವಿದುಕೊಂಡಿರುತ್ತವೆ. ಸೂರ್ಯನ ಅತಿನೇರಳೆ ಕಿರಣ ಡಿಎನ್‌ಎಯನ್ನು ಕೆಡಿಸುವ ಮೊದಲೇ ಮೆಲನಿನ್ ಅದನ್ನು ಹೀರಿಕೊಳ್ಳುತ್ತದೆ. ಅಮೆರಿಕದಲ್ಲಿ 1979ರಲ್ಲಿ ಅಳೆದಾಗ, ಕಪ್ಪು ಜನರ ಮೇಲ್ಚರ್ಮ ಸುಮಾರು 13 ಎಸ್‌ಪಿಎಫ್‌ನ (ಸನ್‌ಸ್ಕ್ರೀನಿನ ಬಲ ಹೇಳುವ ಅಂಕಿ) ರಕ್ಷಣೆ ಕೊಡುತ್ತದೆ, ಬಿಳಿಯರದು 3ಕ್ಕಿಂತ ಸ್ವಲ್ಪ ಹೆಚ್ಚು ಎಂದು ಕಂಡುಬಂತು. ನಾವು ಇವೆರಡರ ನಡುವೆ ಎಲ್ಲೋ ಇದ್ದೇವೆ.

ಅಂದರೆ ಯಾವ ಬಣ್ಣ ಹೋಗಲಿ ಎಂದು ಸಿಟ್ಟಿಂಗಿನ ಮೇಲೆ ಸಿಟ್ಟಿಂಗ್ ಮಾಡಿಸುತ್ತೇವೋ ಅದು ನಮಗೆ ಹುಟ್ಟಿನಿಂದ ಬಂದ ರಕ್ಷಣೆ. ಹೆಣ್ಣುಮಗುವಿನ ಬಣ್ಣದ ಬಗ್ಗೆ ತೊಟ್ಟಿಲಲ್ಲೇ ಮಾತಾಡುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಆ ಮಾತು ಕೇಳಿ ಬೆಳೆದ ಹುಡುಗಿಯರ ಸಂಕಟವನ್ನೂ ನೋಡಿದ್ದೇನೆ. ಅವರಿಗೆ ಯಾರಾದರೂ ಶಾಲೆಯಲ್ಲೇ ಇದನ್ನು ಹೇಳಿಕೊಡಬೇಕಿತ್ತು.

ಆದರೆ ಮೆಲನಿನ್ ಕಾಯುವುದಕ್ಕೂ ಒಂದು ಮಿತಿ ಇದೆ. ಅಂಗೈ, ಅಂಗಾಲು, ಉಗುರಿನ ಅಡಿಯ ಚರ್ಮ ಎಲ್ಲರಲ್ಲೂ ತಿಳಿಬಣ್ಣದ್ದೇ. ನಮ್ಮಲ್ಲಿ ಮೆಲನೋಮ ಬಂದರೆ ದೊಡ್ಡ ಪಾಲು ಬರುವುದು ಅಲ್ಲೇ. ಇದಕ್ಕೆ ಆಕ್ರಲ್ ಮೆಲನೋಮ ಎನ್ನುತ್ತಾರೆ. ಇದರ ವಿಶೇಷವೇನೆಂದರೆ, ಬಿಳಿಯರು, ಕರಿಯರು, ನಮ್ಮಂಥವರು ಎಲ್ಲರಲ್ಲೂ ಇದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ಬಿಸಿಲಿಗೂ ಇದಕ್ಕೂ ಅಷ್ಟಾಗಿ ಸಂಬಂಧವಿಲ್ಲ. ಭಾರ ಬೀಳುವುದು, ಉಜ್ಜುವುದು, ಪೆಟ್ಟು ತಿನ್ನುವುದು ಕಾರಣವಿರಬಹುದೆಂಬ ಅನುಮಾನ ಸಂಶೋಧಕರಲ್ಲಿದೆ. ಹಾಗಾಗಿ ಎಷ್ಟೇ ಬೆಲೆಯ ಸನ್‌ಸ್ಕ್ರೀನ್ ಇದನ್ನು ತಡೆಯಲಾರದು. ಬೇಗ ನೋಡುವುದೊಂದೇ ದಾರಿ. ತೆಳುವಾಗಿರುವಾಗ ಸಿಕ್ಕರೆ ಕತ್ತರಿಸಿ ತೆಗೆದು ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಉಳಿಯುತ್ತಾರೆ, ಆಳಕ್ಕಿಳಿದು ಬೇರೆ ಅಂಗಕ್ಕೆ ಹೋದ ಮೇಲೆ ಆ ಮಾತು ಹೇಳಲಾಗುವುದಿಲ್ಲ. ನಮ್ಮಲ್ಲಿ ತಡವಾಗಿ ಸಿಗುವುದೇ ಹೆಚ್ಚು. ಆಣಿ, ಮುಳ್ಳು ಚುಚ್ಚಿದ್ದು, ಎಡವಿ ರಕ್ತ ಕಟ್ಟಿದ್ದು ಎಂದು ನಂಬಿಕೊಳ್ಳಲು ಕಾಲಿನ ವಿಷಯದಲ್ಲಿ ಕಾರಣಗಳಿಗೆ ಕೊರತೆಯೇ ಇಲ್ಲ.

ನಾವು ಪಾದಕ್ಕೆ ಅರಿಶಿನ ಹಚ್ಚುತ್ತೇವೆ, ಕಾಲುಂಗುರ ತೊಡುತ್ತೇವೆ, ಹಿರಿಯರ ಪಾದ ಮುಟ್ಟಿ ನಮಸ್ಕರಿಸುತ್ತೇವೆ. ಎಲ್ಲವೂ ಪಾದದ ಮೇಲ್ಭಾಗಕ್ಕೆ. ಅಂಗಾಲನ್ನು ಎದುರಿನವರಿಗೆ ತೋರಿಸಿದರೆ ಅಗೌರವ ಎಂದು ಮಡಚಿಕೊಂಡು ಕೂರುವುದನ್ನು ಚಿಕ್ಕಂದಿನಲ್ಲೇ ಕಲಿತಿರುತ್ತೇವೆ. ಕ್ಲಿನಿಕ್ಕಿನಲ್ಲಿ ಡಾಕ್ಟರು ಕಾಲು ಮೇಲಿಡಿ ಎಂದಾಗ ದೊಡ್ಡಮ್ಮ ಸಂಕೋಚದಿಂದ ಕುಗ್ಗಿಹೋದರು. "ನಿಮ್ ಮುಂದೆ ಕಾಲು ನೀಡಾದಾ" ಎಂದು ಎರಡು ಸಲ ಕೇಳಿದರು. ಆ ಸಂಕೋಚಕ್ಕೆ ಎಷ್ಟು ಜೀವ ಹೋಗಿವೆಯೋ ಎಂದು ನನಗೆ ಈಗಲೂ ಅನಿಸುತ್ತದೆ.

ಮಾಯದ ಹುಣ್ಣು

ನಮ್ಮ ದೇಶದಲ್ಲಿ ಬಿಸಿಲಿಗಿಂತ ಬೆಂಕಿ, ದಾರ, ನೀರು ಚರ್ಮದ ಕ್ಯಾನ್ಸರಿಗೆ ಕಾರಣವಾದ ಉದಾಹರಣೆಗಳು ಓದಿದಷ್ಟೂ ಸಿಗುತ್ತವೆ. ಕಾಶ್ಮೀರದಲ್ಲಿ ಚಳಿಗೆ ಫೆರನ್ ಎಂಬ ನಿಲುವಂಗಿಯ ಒಳಗೆ ಕಾಂಗಡಿ ಎಂಬ ಕೆಂಡದ ಕುಡಿಕೆ ಇಟ್ಟುಕೊಳ್ಳುತ್ತಾರೆ. ವರ್ಷಗಟ್ಟಲೆ ಅದರ ಶಾಖ ತಾಗಿದ ಹೊಟ್ಟೆ ಮತ್ತು ತೊಡೆಯ ಚರ್ಮದಲ್ಲಿ ಹುಟ್ಟುವ ಕ್ಯಾನ್ಸರನ್ನು ಹತ್ತೊಂಬತ್ತನೇ ಶತಮಾನದಲ್ಲೇ ಗುರುತಿಸಿದ್ದರು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವಿ. ಆರ್. ಖಾನೋಲ್ಕರ್ 1945ರಲ್ಲಿ ಧೋತಿ ಕ್ಯಾನ್ಸರ್ ಎಂಬುದನ್ನು ವರ್ಣಿಸಿದರು, ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಪಂಚೆ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಆಗುವಂಥದು. ಸೀರೆಯ ಒಳಲಂಗದ ಲಾಡಿಯಿಂದ ಹೀಗೆಯೇ ಆದ ಪ್ರಕರಣಗಳೂ ವರದಿಯಾಗಿವೆ. ನಮ್ಮ ಅಮ್ಮಂದಿರ ಸೊಂಟದ ಸುತ್ತ ಲಾಡಿಯ ಕಪ್ಪು ಪಟ್ಟಿ ಇರುವುದನ್ನು ಯಾರು ನೋಡಿಲ್ಲ? ಅದು ಕ್ಯಾನ್ಸರ್ ಅಲ್ಲ, ನೂರಕ್ಕೆ ನೂರರಷ್ಟು ಜನಕ್ಕೆ ಅದರಿಂದ ಏನೂ ಆಗುವುದಿಲ್ಲ ಎನ್ನುವಷ್ಟು ಅಪರೂಪ. ಆದರೆ ಅಲ್ಲಿ ಚರ್ಮ ಒಡೆದು ಹುಣ್ಣಾಗಿ ಮಾಯದಿದ್ದರೆ ತೋರಿಸಬೇಕು. ತೆಳು ಲಾಡಿಯ ಬದಲು ಅಗಲ ಪಟ್ಟಿ ಹೊಲಿಸಿಕೊಳ್ಳುವುದು, ಕಟ್ಟುವ ಜಾಗವನ್ನು ಆಗಾಗ ಮೇಲೆ ಕೆಳಗೆ ಮಾಡುವುದು, ಇಷ್ಟರಲ್ಲೇ ಆ ಉಜ್ಜುವಿಕೆ ತಪ್ಪುತ್ತದೆ.

ಇವೆಲ್ಲ ಸ್ಕ್ವಾಮಸ್ ಸೆಲ್ ಬಗೆಯವು. ಇವುಗಳಲ್ಲಿ ನಮ್ಮ ಸುತ್ತ ಹೆಚ್ಚು ಗಮನ ಬೇಕಾದದ್ದು ಸುಟ್ಟ ಗಾಯದ ಹಳೇ ಕಲೆ. ಸೀಮೆಎಣ್ಣೆ ಸ್ಟೌವಿನ ಕಾಲದಲ್ಲಿ ಸುಟ್ಟುಕೊಂಡು ಬದುಕಿದ ಹೆಂಗಸರು ಈ ಊರಿನ ಎಲ್ಲ ಬೀದಿಯಲ್ಲೂ ಇದ್ದಾರೆ. ಕಸಿ ಮಾಡಿಸದೆ ತಾನಾಗಿ ಬಿಗಿದುಕೊಂಡು ಮಾಯ್ದ ಚರ್ಮ ಮೊಣಕೈ, ಮಂಡಿಯಂಥ ಮಡಚುವ ಕಡೆ ಮತ್ತೆ ಮತ್ತೆ ಒಡೆಯುತ್ತದೆ, ಕೀವಾಗುತ್ತದೆ, ಮಾಯುತ್ತದೆ, ಮತ್ತೆ ಒಡೆಯುತ್ತದೆ. ಇಪ್ಪತ್ತು ಮೂವತ್ತು ವರ್ಷದ ಮೇಲೆ ಅಲ್ಲೇ ಕ್ಯಾನ್ಸರ್ ಹುಟ್ಟಬಹುದು. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನ ಸರ್ಜನ್ ಮಾರ್ಜೊಲಿನ್ ಹೆಸರಲ್ಲಿ ಇದನ್ನು ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ. ಹಳೇ ಕಲೆಯಲ್ಲಿ ಹೊಸದಾಗಿ ಹುಣ್ಣೆದ್ದು, ಅಂಚು ದಪ್ಪಗಾಗಿ, ವಾಸನೆ ಬಂದು, ಮುಟ್ಟಿದರೆ ರಕ್ತ ಬರುವಂತಿದ್ದು, ಒಂದೂವರೆ ತಿಂಗಳಾದರೂ ಮಾಯದಿದ್ದರೆ ಮುಲಾಮು ಬದಲಿಸುತ್ತ ಕೂರಬಾರದು, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಕಾಲಿನ ಸಕ್ಕರೆ ಹುಣ್ಣಿಗೂ ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದದ ಹುಣ್ಣಿಗೂ ಇದೇ ಮಾತು.

ನೀರಿನ ವಿಷಯ ನಮ್ಮ ರಾಜ್ಯದ್ದೇ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಿಂದೆ ಚಿನ್ನ ತೆಗೆಯುತ್ತಿದ್ದ ಗಣಿಯ ಹತ್ತಿರ, ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಸೇರಿದ್ದು ಪತ್ತೆಯಾಯಿತು. ಅದನ್ನು ವರ್ಷಗಟ್ಟಲೆ ಕುಡಿದವರ ಅಂಗೈ ಅಂಗಾಲಿನಲ್ಲಿ ಗಟ್ಟಿ ಗಂಟುಗಳು ಎದ್ದಿದ್ದವು. ಇಂಥ ಗಂಟುಗಳು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರುವವರು ಸಾವಿರಾರು ಜನ. ಗಾರೆ ಕೆಲಸದವರ ಕೈ ಗಟ್ಟಿಯಾಗಿರುವುದು ಸಹಜ ಎಂದು ಇಲ್ಲಿನ ಡಾಕ್ಟರಿಗೂ ಅನಿಸಿಬಿಡಬಹುದು. ಎರಡು ಅಂಗೈಯಲ್ಲೂ ಎರಡು ಅಂಗಾಲಿನಲ್ಲೂ ಒಟ್ಟಿಗೆ ಗಂಟುಗಳಿದ್ದರೆ, ಎದೆ ಬೆನ್ನಿನ ಮೇಲೆ ಕಪ್ಪು ಬಿಳಿ ಚುಕ್ಕೆಗಳಿದ್ದರೆ, ಊರು ಯಾವುದು, ಯಾವ ನೀರು ಕುಡಿದು ಬೆಳೆದಿರಿ ಎಂದು ಕೇಳುವುದು ಅಗತ್ಯ.

ತಂಪು ಊರಿನ ಬಿಸಿಲು

ಹಾಗಾದರೆ ಬಿಸಿಲಿನ ಚಿಂತೆಯೇ ಬೇಡವೇ? ಬೇಕು, ಎಲ್ಲರಿಗೂ ಒಂದೇ ಅಳತೆಯಲ್ಲಿ ಬೇಡ. ಬೆಂಗಳೂರಿನ ಹವೆ ತಂಪು, ಅದರಿಂದಲೇ ಇಲ್ಲಿನ ಬಿಸಿಲಿನ ಅಂದಾಜು ತಪ್ಪುತ್ತದೆ. ಮೈಗೆ ಬಿಸಿ ತಾಗಿಸುವ ಕಿರಣ ಬೇರೆ, ಡಿಎನ್‌ಎ ಕೆಡಿಸುವ ಅತಿನೇರಳೆ ಕಿರಣ ಬೇರೆ. ಎರಡನೆಯದು ಮೈಗೆ ಗೊತ್ತೇ ಆಗುವುದಿಲ್ಲ. ನಾವಿರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ಸಾವಿರ ಮೀಟರ್ ಏರಿದರೆ ಅತಿನೇರಳೆ ಕಿರಣ ಸುಮಾರು ನೂರಕ್ಕೆ ಹತ್ತು ಭಾಗ ಹೆಚ್ಚುತ್ತದೆ. ತೆಳು ಮೋಡ ಅದನ್ನು ಹೆಚ್ಚು ತಡೆಯುವುದೂ ಇಲ್ಲ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ಸರಿಯಾಗಿ ಬೆಂಗಳೂರಿನ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ನೆಹರೂ ತಾರಾಲಯದಲ್ಲಿ ಮಕ್ಕಳನ್ನು ಸೇರಿಸಿ ತೋರಿಸುತ್ತಾರೆ. ಬೇಸಿಗೆಯ ತಿಳಿ ಮಧ್ಯಾಹ್ನಗಳಲ್ಲಿ ಇಲ್ಲಿನ ಯುವಿ ಸೂಚ್ಯಂಕ, ಅಂದರೆ ಅತಿನೇರಳೆ ಕಿರಣದ ಅಳತೆ, 11 ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 3 ಮುಟ್ಟಿದರೇ ರಕ್ಷಣೆ ಬೇಕು, 11 ಎಂದರೆ ವಿಪರೀತ.

ಒಂದು ಏಪ್ರಿಲಿನಲ್ಲಿ ಆ ನೆರಳಿಲ್ಲದ ಗಳಿಗೆ ನೋಡಲು ತಾರಾಲಯಕ್ಕೆ ಹೋಗಿದ್ದೆ. ಹನ್ನೆರಡೂಕಾಲು ಕಳೆದ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೊಳವೆಯ ನೆರಳು ಅದರ ಬುಡದೊಳಗೇ ಸೇರಿಹೋಯಿತು, ಮಕ್ಕಳು ಕೂಗಿದರು. ಹೊರಗೆ ಬಂದರೆ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ನಿಂತಿದ್ದರು. ಸ್ವಲ್ಪ ದೂರದಲ್ಲಿ ಇಬ್ಬರು ಪೌರಕಾರ್ಮಿಕ ಹೆಂಗಸರು ಚರಂಡಿಯ ಪಕ್ಕದ ಎಲೆ ಗುಡ್ಡೆ ಮಾಡುತ್ತಿದ್ದರು. ಒಬ್ಬರು ತಲೆಗೆ ಟವೆಲ್ ಸುತ್ತಿ ಕಿವಿ ಕತ್ತು ಮುಚ್ಚಿಕೊಂಡಿದ್ದರು, ತುಂಬುತೋಳಿನ ಗಂಡಸರ ಶರ್ಟನ್ನು ಸೀರೆಯ ಮೇಲೆ ತೊಟ್ಟಿದ್ದರು. ಹೊಲದ ಕೆಲಸದ ಹೆಂಗಸರು ಮೊದಲಿನಿಂದ ತೊಟ್ಟುಬಂದ ಬಟ್ಟೆ ಇದೇ, ಯಾವ ಟ್ಯೂಬಿಗಿಂತಲೂ ಚೆನ್ನಾಗಿ ಕಾಪಾಡುತ್ತದೆ. ಬೇಕಿರುವುದು ಅದನ್ನೇ ಸರಿಯಾಗಿ ಒದಗಿಸುವುದು: ಸುತ್ತ ಮೂರು ಇಂಚು ಅಂಚಿರುವ ಟೋಪಿ, ಹಗುರ ಹತ್ತಿಯ ತುಂಬುತೋಳು, ಹನ್ನೊಂದರಿಂದ ಮೂರರವರೆಗೆ ನೆರಳಲ್ಲಿ ಮಾಡಬಹುದಾದ ಕೆಲಸ, ಕುಡಿಯಲು ನೀರು. ನಮ್ಮ ಜನಕ್ಕೆ ಇಂಥ ಬಿಸಿಲಿನಿಂದ ಚರ್ಮದ ಕ್ಯಾನ್ಸರಿಗಿಂತ ಕಣ್ಣಿನ ಪೊರೆ ಬೇಗ ಬರುತ್ತದೆ, ಆದ್ದರಿಂದ ಕನ್ನಡಕವೂ ಆ ಪಟ್ಟಿಯಲ್ಲಿರಬೇಕು.

ಸನ್‌ಸ್ಕ್ರೀನು ನಿಜವಾಗಿ ಬೇಕೇ ಬೇಕಾದವರು ನಮ್ಮಲ್ಲೂ ಇದ್ದಾರೆ. ಆಲ್ಬಿನಿಸಂ ಇರುವವರಿಗೆ ಮೆಲನಿನ್ನಿನ ಆಸರೆಯೇ ಇಲ್ಲ, ಅವರಿಗೆ ಅದು ಔಷಧಿಯೇ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಬೇಕು, ಅವರಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚು. ಇನ್ನೊಂದು ಕ್ಸೆರೋಡರ್ಮ ಪಿಗ್ಮೆಂಟೋಸಮ್, ಕಿರಣದಿಂದ ಕೆಟ್ಟ ಡಿಎನ್‌ಎಯನ್ನು ಸರಿಪಡಿಸಿಕೊಳ್ಳಲಾಗದ ಹುಟ್ಟು ಕಾಯಿಲೆ. ಸ್ವಲ್ಪ ಬಿಸಿಲಿಗೇ ಮಗುವಿನ ಮೈ ಬೇಯುತ್ತದೆ, ಎರಡು ವರ್ಷದೊಳಗೇ ಮುಖದ ತುಂಬ ಕಂದು ಚುಕ್ಕೆ ಏಳುತ್ತವೆ. ತಂದೆ ತಾಯಿ ಇಬ್ಬರಿಂದಲೂ ಬರಬೇಕಾದ ಕಾಯಿಲೆಯಾದ್ದರಿಂದ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ನಮ್ಮ ಪದ್ಧತಿಯಲ್ಲಿ ಇದರ ಸಾಧ್ಯತೆ ಹೆಚ್ಚುತ್ತದೆ. ತೊನ್ನು ಇರುವವರು ತಮಗೆ ಕ್ಯಾನ್ಸರ್ ಬರುತ್ತದೆಂದು ಹೆದರುವುದನ್ನು ಕಂಡಿದ್ದೇನೆ. ಬಿಳಿ ಜಾಗ ಬಿಸಿಲಿಗೆ ಬೇಗ ಸುಡುತ್ತದೆ, ಅಷ್ಟಕ್ಕೆ ರಕ್ಷಣೆ ಬೇಕು, ಮೆಲನೋಮದ ಅಪಾಯ ಮಾತ್ರ ಅವರಲ್ಲಿ ಕಡಿಮೆ ಎಂದೇ ಅಧ್ಯಯನಗಳು ಹೇಳುತ್ತವೆ.

ಹಚ್ಚುವವರು ಸರಿಯಾಗಿ ಹಚ್ಚಬೇಕು. ಎಸ್‌ಪಿಎಫ್ 30 ಇದ್ದರೆ ಯುವಿಬಿ ಎಂಬ ಬಗೆಯ ಅತಿನೇರಳೆ ಕಿರಣವನ್ನು ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ, 50 ಇದ್ದರೆ 98. ಆ ಒಂದು ಭಾಗಕ್ಕೆ ದುಪ್ಪಟ್ಟು ದುಡ್ಡು ಕೊಡುವ ಬದಲು ಮುಖ ಕತ್ತಿಗೆ ಎರಡು ಬೆರಳುದ್ದ ಧಾರಾಳವಾಗಿ ಹಚ್ಚಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದು ಮೇಲು. ಕಡಲೆಕಾಳಷ್ಟು ಹಚ್ಚಿದರೆ ಡಬ್ಬಿಯ ಮೇಲಿನ ಅಂಕಿಗೆ ಅರ್ಥವಿಲ್ಲ.

ಕಾಲು ತಿರುಗಿಸಿ ನೋಡುವುದು

ಸಕ್ಕರೆ ಕಾಯಿಲೆಯವರಿಗೆ ದಿನಾ ಅಂಗಾಲು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿಯಿಟ್ಟು ನೋಡಿಕೊಳ್ಳಿ ಎಂದು ಹೇಳಿಕೊಟ್ಟಿರುತ್ತಾರೆ. ಅದೇ ಕನ್ನಡಿ ಮನೆಯವರೆಲ್ಲರಿಗೂ ಸಾಕು, ತಿಂಗಳಿಗೊಮ್ಮೆ ನೋಡಿದರೆ ಸಾಕು. ಗಮನಿಸಬೇಕಾದದ್ದು ಇಷ್ಟು: ಮಚ್ಚೆಯ ಒಂದು ಅರ್ಧ ಇನ್ನೊಂದರಂತಿಲ್ಲದಿರುವುದು, ಅಂಚು ಹರಿದಂತಿರುವುದು, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ, ಆರು ಮಿಲಿಮೀಟರಿಗಿಂತ ಅಗಲ, ಎಲ್ಲಕ್ಕಿಂತ ಹೆಚ್ಚಾಗಿ ಇತ್ತೀಚಿನ ಬದಲಾವಣೆ. ಹುಟ್ಟಿದಾಗಿನಿಂದ ಹಾಗೇ ಇರುವ ಮಚ್ಚೆಗೆ ಹೆದರಬೇಕಿಲ್ಲ. ಉಗುರಿನ ಕಪ್ಪು ಗೆರೆಯ ವಿಷಯದಲ್ಲಿ ತುಂಬ ಗಾಬರಿ ನೋಡಿದ್ದೇನೆ. ನಮ್ಮ ಬಣ್ಣದವರಲ್ಲಿ ಹಲವು ಉಗುರುಗಳಲ್ಲಿ ತೆಳು ಕಂದು ಗೆರೆ ಇರುವುದು ತೀರ ಸಹಜ. ಒಂದೇ ಉಗುರಿನಲ್ಲಿ, ಅದೂ ಹೆಬ್ಬೆರಳಿನಲ್ಲಿ, ವಯಸ್ಸಾದ ಮೇಲೆ ಹೊಸದಾಗಿ ಬಂದ ಗೆರೆ ಅಗಲವಾಗುತ್ತಿದ್ದರೆ, ಕಪ್ಪು ಉಗುರು ದಾಟಿ ಬುಡದ ಚರ್ಮಕ್ಕೂ ಇಳಿದಿದ್ದರೆ ತಡಮಾಡಬಾರದು. ಎಡವಿ ರಕ್ತ ಕಟ್ಟಿದ್ದಾದರೆ ಉಗುರು ಬೆಳೆದ ಹಾಗೆ ಕಪ್ಪು ಮುಂದಕ್ಕೆ ಸರಿಯುತ್ತದೆ, ಹಿಂದೆ ಹೊಸ ಉಗುರು ತಿಳಿಯಾಗಿ ಕಾಣುತ್ತದೆ.

ಬಯಾಪ್ಸಿ ಎಂದಾಗ ನಮ್ಮ ಮನೆಯಲ್ಲಿ ಎದ್ದ ಮಾತು ಬಹುಶಃ ಎಲ್ಲ ಮನೆಯಲ್ಲೂ ಏಳುವಂಥದ್ದೇ. ಊರಿಂದ ಚಿಕ್ಕಪ್ಪ ಫೋನ್ ಮಾಡಿ "ಕತ್ತಿ ತಾಕ್ಸಬೇಡಿ, ತಾಕ್ಸಿದ್ರೆ ಮೈಯೆಲ್ಲ ಹರಡ್ತದೆ" ಎಂದರು. ಹರಡಿದ ಮೇಲೆ ಆಸ್ಪತ್ರೆಗೆ ಹೋದವರನ್ನು ಮಾತ್ರ ಕಂಡವರಿಗೆ ಹಾಗನ್ನಿಸುವುದು ಸಹಜ. ಚೂರು ತೆಗೆದು ನೋಡುವುದರಿಂದ ಮೆಲನೋಮ ಹರಡುವುದಿಲ್ಲ, ನೋಡದೆ ಬಿಟ್ಟ ತಿಂಗಳುಗಳಲ್ಲಿ ಹರಡುತ್ತದೆ. ಇದನ್ನು ಚಿಕ್ಕಪ್ಪನಿಗೆ ಒಪ್ಪಿಸಿದವರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಒಬ್ಬ ಡಾಕ್ಟರು, ಫೋನಿನಲ್ಲಿ, ಕನಕಪುರದ ಕಡೆಯ ಮಾತಿನಲ್ಲೇ. ಬಯಾಪ್ಸಿಯಲ್ಲಿ ಮೆಲನೋಮ ಎಂದೇ ಬಂದ ಮೇಲೆ ದೊಡ್ಡಮ್ಮನ ಕಲೆಯನ್ನು ಸುತ್ತಲಿನ ಒಳ್ಳೆಯ ಚರ್ಮದ ಸಮೇತ ತೆಗೆದು, ತೊಡೆಯ ಚರ್ಮ ಕಸಿ ಮಾಡಿದರು. ಹರಡಿದೆಯೇ ಎಂದು ನೋಡಿದ ತೊಡೆಸಂದಿನ ದುಗ್ಧಗ್ರಂಥಿಯಲ್ಲಿ ಏನೂ ಸಿಗಲಿಲ್ಲ. ಪಾದದ ಕಸಿ ಹಿಡಿದುಕೊಳ್ಳಲು ತುಂಬ ಸಮಯ ಬೇಕಾಯಿತು, ಆ ದಿನಗಳು ಅವರಿಗೆ ಕಷ್ಟದವು. ಈಗ ಮೆತ್ತನೆಯ ಚಪ್ಪಲಿ ಹಾಕಿಕೊಂಡು ರಾಗಿಗುಡ್ಡದವರೆಗೆ ನಡೆಯುತ್ತಾರೆ, ತಪಾಸಣೆಗೆ ತಪ್ಪದೆ ಹೋಗುತ್ತಾರೆ. ನಾವು ಕಂಡ ಆ ಆಸ್ಪತ್ರೆಯ ಸಾಲಿನಲ್ಲಿ ಕಲಬುರಗಿಯವರು, ಚಾಮರಾಜನಗರದವರು, ಆಂಧ್ರದ ಗಡಿಯವರು ಇದ್ದರು. ಅವರಲ್ಲಿ ಎಷ್ಟೋ ಜನಕ್ಕೆ ಕಾಲು ನೋಡಿ ಹೇಳುವ ಪಾರ್ಲರಿನ ಹೆಂಗಸು ಸಿಕ್ಕಿರಲಿಕ್ಕಿಲ್ಲ.

ಸರ್ಕಾರದ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠ ಇವೆ. ಹೆಚ್ಚು ಜನಕ್ಕೆ ಬರುವ ಕ್ಯಾನ್ಸರುಗಳು ಅವೇ ಆದ್ದರಿಂದ ಅದು ಸರಿಯಾಗಿಯೇ ಇದೆ, ಚರ್ಮಕ್ಕೆ ಬೇರೆಯೇ ಕಾರ್ಯಕ್ರಮ ಬೇಕೆಂದು ನಾನು ಕೇಳುವುದಿಲ್ಲ. ಆದರೆ ಕುಷ್ಠರೋಗ ಪತ್ತೆ ಆಂದೋಲನದಲ್ಲಿ ಆಶಾ ಕಾರ್ಯಕರ್ತೆಯರು ಈಗಾಗಲೇ ಮನೆ ಮನೆಗೆ ಬಂದು ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಇದೆಯೇ ಎಂದು ಕೇಳುತ್ತಾರೆ. ಆ ಭೇಟಿಯಲ್ಲೇ ಅಂಗಾಲು ಅಂಗೈ ತೋರಿಸಿ ಎಂದು ಒಂದು ಮಾತು, ಒಂದೂವರೆ ತಿಂಗಳಿಂದ ಮಾಯದ ಹುಣ್ಣು ಇದೆಯೇ ಎಂದು ಒಂದು ಪ್ರಶ್ನೆ ಸೇರಿದರೆ ಹೊಸ ಖರ್ಚೇನೂ ಇಲ್ಲ. ನಮ್ಮ ವಾರ್ಡಿನ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಇದನ್ನು ಬರೆದು ಕೊಟ್ಟಿದ್ದೇನೆ. ನಿಮ್ಮ ವಾರ್ಡಿನಲ್ಲಿ ನೀವೂ ಕೇಳಿ. ಪಾರ್ಲರ್ ನಡೆಸುವವರು, ತಲೆ ಬೋಳಿಸುವ ಕ್ಷೌರಿಕರು, ವಯಸ್ಸಾದವರಿಗೆ ಮನೆಯಲ್ಲೇ ಸ್ನಾನ ಮಾಡಿಸುವ ಆಯಾಗಳು ಇದನ್ನು ಓದುತ್ತಿದ್ದರೆ, ಅನುಮಾನ ಬಂದಾಗ ಹೇಳಲು ಹಿಂಜರಿಯಬೇಡಿ. ವಿಕ್ಟೋರಿಯ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ, ಮೊದಲು ಅಲ್ಲಿಗೆ ಕಳಿಸಬಹುದು.